‘ಮಾರ್ಚ್ ತನಕ ಎಬ್ಬಿಸಬೇಡಿ’

ಇಂಗ್ಲೆಂಡಿನಲ್ಲಿ ಚಳಿ ಜೋರಾಯಿತೆಂದರೆ ಹಿಮ ಕರಗಲೆಂದು ರಸ್ತೆಗೆ ಉಪ್ಪು ಬೀಳುತ್ತದೆ. ಅದರಿಂದ ತುಕ್ಕು ಹಿಡಿದೀತೆಂದು ಹಳೇ ಕಾರಿದ್ದವರು ಕಾರನ್ನು ಗ್ಯಾರೇಜಿಗೆ ತಳ್ಳಿ ಮಾರ್ಚ್ ತನಕ ಬಾಗಿಲು ಹಾಕುತ್ತಾರೆ. ಆಬಿಂಗ್ಡನ್ ಕಾರ್ಖಾನೆಯಿಂದ 1967ರಲ್ಲಿ ಹೊರಬಂದ ಎಂಜಿಬಿ ಕಾರೊಂದರ ಹಿಂಚಕ್ರದ ಬಳಿ, ಯಾರ ಕಣ್ಣಿಗೂ ಬೀಳದಂತೆ ಕೂತಿರುವ ಎಸ್‌ಯು ಫ್ಯೂಯೆಲ್ ಪಂಪು ಮಾತಿಗೆ ಸಿಕ್ಕಿತು. ಕೀ ತಿರುಗಿಸಿದರಷ್ಟೇ ಬಾಯಿಬಿಡುವ ಸ್ವಭಾವ.

ನಮಸ್ಕಾರ, ಹೇಗಿದ್ದೀರಿ?

ಟಕ್ ಟಕ್ ಟಕ್ ಟಕ್... ಟಕ್... ಟಕ್. ಹಾಂ, ಈಗ ಹೇಳಿ. ಎರಡೂ ಕಾರ್ಬುರೇಟರಿನ ಬಟ್ಟಲು ತುಂಬಿದವು. ತುಂಬಿದ ಮೇಲೆ ನಾನು ಸುಮ್ಮನಾಗಬೇಕು. ಎಂಜಿನ್ ನಿಂತಿದ್ದರೂ ಟಕಟಕ ಅನ್ನುತ್ತಲೇ ಇದ್ದರೆ, ಎಲ್ಲೋ ಸೋರುತ್ತಿದೆ ಅಥವಾ ಟ್ಯಾಂಕು ಬರಿದಾಗಿದೆ ಅಂತ ತಿಳಿಯಿರಿ.

ಯಜಮಾನರ ತಯಾರಿ ಭರ್ಜರಿಯಾಗಿದೆ!

ಸೀಟಿಗೆ ಕ್ರೀಮು, ಬಂಪರಿಗೆ ಪಾಲಿಶ್, ಮೈಗೆ ಮೆತ್ತನೆ ಹೊದಿಕೆ. ಹೊಟ್ಟೆಯೊಳಗೆ ಏನಿದೆ ಅಂತ ಕೇಳಿದವರಿಲ್ಲ. ಕಾಲು ಟ್ಯಾಂಕು ಪೆಟ್ರೋಲು, ಅದೂ ಅಗ್ಗದ್ದು.

ಸಾಲದೆ? ಹೇಗೂ ಓಡುವುದಿಲ್ಲವಲ್ಲ.

ಉಳಿದ ಮುಕ್ಕಾಲು ಗಾಳಿ, ಗಾಳಿಯಲ್ಲಿ ತೇವ. ರಾತ್ರಿ ತಣ್ಣಗಾದಾಗ ಅದು ತಗಡಿನ ಮೇಲೆ ಹನಿಗಟ್ಟಿ ಪೆಟ್ರೋಲಿಗೆ ಇಳಿಯುತ್ತದೆ. ಇಲ್ಲಿ 2021ರ ಸೆಪ್ಟೆಂಬರಿನಿಂದ ಮಾಮೂಲಿ ಪೆಟ್ರೋಲಿನಲ್ಲಿ ಶೇ. 10ರವರೆಗೂ ಎಥನಾಲ್. ಅದಕ್ಕೆ ನೀರೆಂದರೆ ಪ್ರಾಣ. ಮಿತಿಮೀರಿ ಹೀರಿತೆಂದರೆ ಪೆಟ್ರೋಲಿನ ಸಂಗ ಬಿಟ್ಟು ನೀರಿನೊಡನೆ ತಳ ಸೇರುತ್ತದೆ. ನಾನು ಹೀರುವುದು ಎಲ್ಲಿಂದ? ತಳದಿಂದಲೇ!

ಹಾಗಾದರೆ ಮಾಡಬೇಕಾದ್ದೇನು?

ಎಥನಾಲ್ ಕಡಿಮೆಯಿರುವ ದುಬಾರಿ ಸೂಪರ್ ಪೆಟ್ರೋಲನ್ನು ಟ್ಯಾಂಕಿನ ತುಂಬ ತುಂಬಿಸಿ, ಅದು ಕೆಡದಂತೆ ಸ್ಟೆಬಿಲೈಸರ್ ಸುರಿದು ಒಂದು ಸುತ್ತು ಓಡಿಸಿ ಬರಬೇಕು. ನಮ್ಮವರು ಸುರಿದರು, ಮುಚ್ಚಳ ಹಾಕಿದರು, ಟೀ ಕುಡಿಯಲು ಒಳಗೆ ಹೋದರು. ಔಷಧಿ ಟ್ಯಾಂಕಿನಲ್ಲೇ ಉಳಿಯಿತು. ಕಾರ್ಬುರೇಟರಿನಲ್ಲಿರುವುದು ಹಳೆಯದೇ, ಆರಿ ಆರಿ ಜೆಟ್ಟಿಗೆ ಕಂದು ಅಂಟಾಗಿ ಕೂರುತ್ತದೆ. ಕೊನೆಗೆ ನನ್ನ ತಂತಿ ಬಿಚ್ಚಿ, ಎಂಜಿನ್ ತಾನಾಗಿ ನಿಲ್ಲುವ ತನಕ ಬಿಟ್ಟಿದ್ದರೆ ಬಟ್ಟಲಾದರೂ ಬಹುಪಾಲು ಬರಿದಾಗುತ್ತಿತ್ತು.

ಟ್ಯಾಂಕನ್ನೇ ಬರಿದು ಮಾಡಬೇಕು ಅನ್ನುವವರೂ ಇದ್ದಾರಲ್ಲ?

ಅದು ದ್ವೈತಾದ್ವೈತದ ಜಗಳ, ಮುಗಿಯುವಂಥದ್ದಲ್ಲ. ಬರಿದಾದ ಉಕ್ಕಿನ ಟ್ಯಾಂಕು ಒಳಗಿಂದ ತುಕ್ಕು ಹಿಡಿಯುತ್ತದೆ. ಆ ತುಕ್ಕನ್ನು ಎಳೆದುಕೊಳ್ಳುವವನು ನಾನು, ವಾದ ಮಾಡುವವರಲ್ಲ.

ನಡುನಡುವೆ ಬಂದು ಸ್ಟಾರ್ಟ್ ಮಾಡುತ್ತಾರಂತೆ?

ಭಾನುವಾರ ಬರುತ್ತಾರೆ. ಐದು ನಿಮಿಷ ಓಡಿಸಿ, ಬಾನೆಟ್ಟು ಸವರಿ, ‘ಪಾಪ, ಬೇಜಾರಾಗಿತ್ತೇನೋ’ ಅನ್ನುತ್ತಾರೆ. ಎಂಜಿನ್ ಸರಿಯಾಗಿ ಕಾಯುವಷ್ಟರಲ್ಲಿ ಆಫ್. ಆಯಿಲಿಗೂ ಸೈಲೆನ್ಸರಿಗೂ ನೀರು ಸೇರಿಸಿದ ಪುಣ್ಯ ಅವರದು. ಫೋಟೋ ಮಾತ್ರ ಚೆನ್ನಾಗಿ ಬರುತ್ತದೆ.

ಮಾರ್ಚಿನಲ್ಲಿ ನೀವೇ ಮುಷ್ಕರ ಹೂಡುತ್ತೀರಿ ಎಂಬ ದೂರಿದೆ.

ಸುಳ್ಳು. ಕೆಲಸವಿಲ್ಲದೆ ಕೂತರೆ ನನ್ನೊಳಗಿನ ಪಾಯಿಂಟುಗಳಿಗೆ ಕಿಲುಬು ಹಿಡಿಯುತ್ತದೆ, ಅಷ್ಟೆ. ಯಜಮಾನರು ಕಾರಿನಡಿ ತೂರಿ, ಕಾಲಿನ ಬೂಟು ಕಳಚಿ ಎರಡು ಕುಟ್ಟುತ್ತಾರೆ. ಟಕ್ ಟಕ್ ಶುರು! 1910ರಲ್ಲಿ ಎಸ್‌ಯು ಕಂಪನಿ ಕಟ್ಟಿದ ಸ್ಕಿನ್ನರ್ ಸೋದರರು ಬೂಟು ವ್ಯಾಪಾರದ ಮನೆತನದವರು. ಅವರ ಮೊದಮೊದಲ ಕಾರ್ಬುರೇಟರಿನಲ್ಲಿ ಚರ್ಮದ ತಿದಿಯೇ ಇತ್ತು. ಮನೆ ಸರಕಿನಿಂದಲೇ ನನಗೆ ಪೂಜೆ.

ಬೆಂಗಳೂರಿಗೆ ಬಂದುಬಿಡಿ. ಹಿಮವಿಲ್ಲ, ಉಪ್ಪಿಲ್ಲ.

2023ರ ಫೆಬ್ರವರಿಯಲ್ಲಿ ನಿಮ್ಮ ಪ್ರಧಾನಿ ಶೇ. 20 ಎಥನಾಲಿನ ಪೆಟ್ರೋಲಿಗೆ ಚಾಲನೆ ಕೊಟ್ಟಿದ್ದು ಅದೇ ಊರಿನಲ್ಲಿ ತಾನೆ? ಕಬ್ಬನ್ನೆಲ್ಲ ಎಥನಾಲ್ ಮಾಡಿ ಟ್ಯಾಂಕಿಗೆ ಸುರಿಯಲು, ಕಬ್ಬಿನ ಹಾಲು ಕುಡಿಯುವವರು ನಿಮ್ಮಲ್ಲಿ ಯಾರೂ ಉಳಿದಿಲ್ಲವೆ? ಬರುತ್ತೇನೆ, ಬೇಡ ಅನ್ನುವುದಿಲ್ಲ. ಮೊದಲು ಈ ಹಳೇ ರಬ್ಬರ್ ಪೈಪು ಕಿತ್ತು, ಎಥನಾಲ್ ತಡೆಯುವ ಆರ್‌9 ಗುರುತಿನದು ಹಾಕಿಸಲು ಯಜಮಾನರಿಗೆ ಹೇಳಿ. ಆ ಹೊದಿಕೆಗೆ ಸುರಿದ ದುಡ್ಡಿನಲ್ಲಿ ಕಾಲು ಭಾಗವೂ ಆಗುವುದಿಲ್ಲ.