ಕೀ ಆನ್, ಎಂಜಿನ್ ಆಫ್

ಭಾನುವಾರ ಬೆಳಗ್ಗೆ ಆರೂವರೆ. ಪಕ್ಕದ ಮನೆ ಹುಡುಗ ತನ್ನ ಹಳೇ ಟರ್ಬೊ ಪೆಟ್ರೋಲ್ ಕಾರಿನ ಬಾನೆಟ್ ಎತ್ತಿ, ಲ್ಯಾಪ್‌ಟಾಪ್ ಕಾಂಪೌಂಡ್ ಗೋಡೆ ಮೇಲಿಟ್ಟುಕೊಂಡು ನಿಂತಿದ್ದ. ನಾನು ದಾಸವಾಳಕ್ಕೆ ನೀರು ಬಿಡ್ತಾ ಇದ್ದೆ. "ಸ್ಟಾರ್ಟ್ ಮಾಡಲ್ವೇನಪ್ಪಾ?" ಅಂದೆ. "ಇರಿ ಅಂಕಲ್, ಮೊದಲು ಎಲ್ರೂ ನಿಜ ಹೇಳ್ತಿದಾರಾ ನೋಡ್ಬೇಕು" ಅಂದ. ಎಲ್ರೂ ಅಂದರೆ ಸೆನ್ಸರ್‌ಗಳು. ಆ ಮಾತು ನನಗೆ ಬಹಳ ಹಿಡಿಸಿತು ನೋಡಿ.

ರಾತ್ರಿಯೆಲ್ಲ ನಿಂತು ತಣ್ಣಗಾದ ಗಾಡಿ. ಕೀ ಆನ್, ಎಂಜಿನ್ ಆಫ್. ಒಳಗೆ ಹೋಗುವ ಗಾಳಿಯ ಬಿಸಿ ಹೇಳೋ ಸೆನ್ಸರ್ರೂ ಕೂಲಂಟ್ ಬಿಸಿ ಹೇಳೋ ಸೆನ್ಸರ್ರೂ ಆಗ ಹೆಚ್ಚುಕಮ್ಮಿ ಒಂದೇ ಅಂಕಿ ತೋರಿಸಬೇಕು. ಒಂದು 21, ಇನ್ನೊಂದು 34 ಅಂದರೆ ಇಬ್ಬರಲ್ಲಿ ಒಬ್ಬ ಸುಳ್ಳ ಅಂತಲೇ ಲೆಕ್ಕ, ಅಲ್ವಾ? ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯೋ ಮ್ಯಾಪ್ ಸೆನ್ಸರ್ ಆಗ ಹೊರಗಿನ ಗಾಳಿಯ ಒತ್ತಡವನ್ನೇ ಹೇಳಬೇಕು. ನಮ್ಮ ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆಯಲ್ಲ, ಇಲ್ಲಿ ಸುಮಾರು 91 ಕಿಲೋಪ್ಯಾಸ್ಕಲ್. ಹೋದ ಸಲ ಶಿರಾಡಿ ಘಾಟಿ ಇಳಿದು ಮಂಗಳೂರಲ್ಲಿ ಕೀ ತಿರುಗಿಸಿದಾಗ 101 ಬಂತಂತೆ. ಕೈಯಿಂದ ಏನೂ ಹಾಕದೆ ಹತ್ತಕ್ಕೆ ಒಂದು ಪಾಲು ಗಾಳಿ ಹೆಚ್ಚು! ಅದನ್ನು ಹೇಳುವಾಗ ಅವನ ಮುಖ ನೋಡಬೇಕಿತ್ತು ನೀವು.

ಈ 'ಮ್ಯಾಪ್' ಅನ್ನೋ ಹೆಸರೇ ಒಂದು ತಮಾಷೆ. ಒತ್ತಡ ಅಳೆಯೋ ಸೆನ್ಸರ್ ಮ್ಯಾಪು, ಎಷ್ಟು ಗಾಳಿಗೆ ಎಷ್ಟು ಪೆಟ್ರೋಲ್ ಅಂತ ಬರೆದಿಟ್ಟ ಕೋಷ್ಟಕವೂ ಮ್ಯಾಪು. ಒಂದೇ ಮನೇಲಿ ಇಬ್ಬರು ಮಂಜುನಾಥರಿದ್ದ ಹಾಗೆ, ಕರೆದಾಗ ಯಾರು ಓಗೊಡ್ತಾರೋ...

ನಮ್ಮ ಸೋದರಮಾವನಿಗೆ ಇಂಥ ತಾಪತ್ರಯ ಇರಲಿಲ್ಲ. ಮೈಸೂರಿನ ಯಾದವಗಿರಿ ಫ್ಯಾಕ್ಟರಿಯಲ್ಲೇ ಹುಟ್ಟಿದ ಯೆಜ್ಡಿ ಬೈಕ್ ಅವರದು. ಒಂದಿಷ್ಟು ದೂರ ಜೋರಾಗಿ ಓಡಿಸಿ, ಗಪ್ಪಂತ ಆಫ್ ಮಾಡಿ, ಬಿಸಿ ಆರೋ ಮೊದಲೇ ಬಟ್ಟೆ ಸುತ್ತಿ ಮೈಕೋ ಪ್ಲಗ್ ಬಿಚ್ಚೋರು. ತುದಿ ಬೆಳ್ಳಗಿದ್ದರೆ ಪೆಟ್ರೋಲ್ ಸಾಲದು, ಮಸಿ ಹಿಡಿದಿದ್ದರೆ ಜಾಸ್ತಿ. ಹಾಲು ಹಾಕಿದ ಕಾಫಿ ಬಣ್ಣ ಬಂದರೆ "ಹದವಾಗಿದೆ ಕಣೋ" ಅಂತ ನನ್ನ ಮೂಗಿನ ಹತ್ತಿರ ಹಿಡಿಯೋರು. ಆ ವಾಸನೆ ಇವತ್ತಿಗೂ ನೆನಪಿದೆ.

ಆ ಪ್ಲಗ್ ನೋಡುವ ಕಣ್ಣೇ ಆಮೇಲೆ ಸೈಲೆನ್ಸರ್ ಪೈಪಿನೊಳಗೆ ಹೋಗಿ ಕೂತಿತು ಅನ್ನಬಹುದು. ಬಾಷ್ ಕಂಪನಿಯ ಲ್ಯಾಂಬ್ಡಾ ಸೆನ್ಸರ್ 1976ರಲ್ಲಿ ಮೊದಲು ವೋಲ್ವೊ ಕಾರಿಗೆ ಬಂತು. ನಮ್ಮ ಆಡುಗೋಡಿ ಮೈಕೋ ಕೂಡ ಬಾಷ್ ಮನೆಯದೇ ತಾನೆ, 2008ರಲ್ಲಿ ಹೆಸರೂ ಅದೇ ಆಯ್ತು. ಸಾದಾ ಲ್ಯಾಂಬ್ಡಾ ಸಾರಿಗೆ ಉಪ್ಪು ಹೆಚ್ಚು ಅಥವಾ ಕಮ್ಮಿ ಅಂತ ಮಾತ್ರ ಹೇಳುತ್ತೆ. ಎಷ್ಟು ಚಿಟಿಕೆ ಅಂತ ಹೇಳೋದು ವೈಡ್‌ಬ್ಯಾಂಡ್. ಬೂಸ್ಟ್, ಅಂದರೆ ಟರ್ಬೊ ಒತ್ತಿ ತುಂಬೋ ಗಾಳಿ, ಏರಿದಾಗ ಬೇಕಾಗೋದು ಆ ಎರಡನೆಯದು.

ಇನ್ನೊಂದು ವಿಚಿತ್ರ ಕೇಳಿ. ಐದು ಕೇಜಿಯ ಸ್ಪ್ರಿಂಗ್ ತಕ್ಕಡಿಗೆ ಎಂಟು ಕೇಜಿ ಹಲಸಿನಹಣ್ಣು ತೂಗುಹಾಕಿದರೆ ಮುಳ್ಳು ಐದರಲ್ಲೇ ನಿಲ್ಲುತ್ತಲ್ವಾ? ಬೂಸ್ಟ್ ಏರಿಸಿ ಹಳೇ ಮ್ಯಾಪ್ ಸೆನ್ಸರ್ ಹಾಗೇ ಬಿಟ್ಟರೂ ಅದೇ ಕತೆ. ಅದರ ಅಳತೆ ಮುಗಿದ ಮೇಲೂ ಗಾಳಿ ಬರ್ತಾನೇ ಇರುತ್ತೆ, ಪೆಟ್ರೋಲ್ ಮಾತ್ರ ಹಳೇ ಲೆಕ್ಕದ್ದೇ. ಎಂಜಿನ್ ನಾಕ್ ಹೊಡೆಯೋಕೆ, ಅಂದರೆ ಒಳಗೆ ಪೆಟ್ರೋಲ್ ಹೊತ್ತಲ್ಲದ ಹೊತ್ತಲ್ಲಿ ತಾನಾಗೇ ಸಿಡಿಯೋಕೆ, ಶುರುವಾದರೆ ಪಿಸ್ಟನ್ ತೂತಾಗೋಕೆ ಎಷ್ಟು ಹೊತ್ತು?

ನಾಕ್ ಅಂದಾಗ 1962ರ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ನೆನಪಾಯ್ತು. ಅಮೆರಿಕದ ಟರ್ಬೊ ಕಾರು. ನಾಕ್ ತಡೆಯೋಕೆ ಅದಕ್ಕೊಂದು ಬೇರೆ ಟ್ಯಾಂಕು, ಅದರಲ್ಲಿ ನೀರು ಬೆರೆಸಿದ ಮೆಥನಾಲ್. ಹೆಸರು 'ಟರ್ಬೊ ರಾಕೆಟ್ ಫ್ಲೂಯಿಡ್'! ಆ ಟ್ಯಾಂಕ್ ಖಾಲಿಯಾದರೆ ಗಾಡಿಯೇ ಬೂಸ್ಟ್ ತಗ್ಗಿಸಿಕೊಳ್ತಿತ್ತು. ಜನ ತುಂಬಿಸೋದೇ ಮರೀತಿದ್ದರು. ನಮ್ಮ ಬಂಕ್ ಪೆಟ್ರೋಲಲ್ಲಿ ಈಗ ನೂರಕ್ಕೆ 20 ಪಾಲು ಎಥನಾಲ್ ತಾನಾಗಿ ಬರ್ತಿದೆ, ಕಬ್ಬಿನ ಗದ್ದೆಯಿಂದಲೂ ಬಂದದ್ದು. ಅದು ನಾಕ್ ತಡೆಯುತ್ತೆ ನಿಜ, ಆದರೆ ಹೊಟ್ಟೆ ದೊಡ್ಡದು. ಬರೀ ಪೆಟ್ರೋಲಿಗೆ ಒಂದಕ್ಕೆ 14.7 ಪಾಲು ಗಾಳಿ ಬೇಕು, ಈ ಬೆರಕೆಗೆ ಸುಮಾರು 13.5 ಸಾಕು. ಅಂದರೆ ಅಷ್ಟೇ ಗಾಳಿಗೆ ಇಂಜೆಕ್ಟರ್ ಹೆಚ್ಚು ಸುರಿಯಬೇಕು.

ಎಲ್ಲಿದ್ದೆ? ಹಾಂ, ಹುಡುಗನ ಗಾಡಿ. ಅದರದ್ದು ಒಂದು ಒಗಟಾಗಿತ್ತು. ಐಡಲ್‌ನಲ್ಲಿ ಕಂಪ್ಯೂಟರ್ 14 ಪರ್ಸೆಂಟ್ ಹೆಚ್ಚು ಪೆಟ್ರೋಲ್ ಕೊಡ್ತಿದೆ, ಬೂಸ್ಟ್ ಬಂದ ತಕ್ಷಣ ಕರೀ ಹೊಗೆ. ಒಂದೇ ಗಾಡಿಗೆ ಹಸಿವೂ ಅಜೀರ್ಣವೂ! ಗೆಳೆಯರೆಲ್ಲ "ಮ್ಯಾಪ್‌ನಲ್ಲಿ ಬೂಸ್ಟ್ ಹತ್ತಿರ ಪೆಟ್ರೋಲ್ ಕಮ್ಮಿ ಮಾಡಿಬಿಡು" ಅಂದಿದ್ದರಂತೆ. ಅವನು ಮಾಡಲಿಲ್ಲ. ಸೆನ್ಸರ್‌ಗಳೆಲ್ಲ ನಿಜ ಹೇಳ್ತಿವೆ ಅಂತ ಖಾತ್ರಿಯಾದ ಮೇಲೆ ಇನ್‌ಟೇಕ್ ಪೈಪಿಗೆ ಹದವಾಗಿ ಗಾಳಿ ತುಂಬಿ, ಪಂಕ್ಚರ್ ಅಂಗಡಿಯವರ ಹಾಗೆ ಸೋಪಿನ ನೀರು ಹಚ್ಚಿದ. ನನಗೂ ಒಂದು ಬ್ರಶ್ ಕೊಟ್ಟ. ಮ್ಯಾನಿಫೋಲ್ಡ್ ಹಿಂದೆ ಕಿರುಬೆರಳು ದಪ್ಪದ ಒಂದು ರಬ್ಬರ್ ಹೋಸು, ಅದರ ತಿರುವಿನ ಕೆಳಗೆ ಗುಳುಗುಳು ಗುಳ್ಳೆ ಎದ್ದಿತು. ಬಗ್ಗಿಸಿದರೆ ಮಾತ್ರ ಬಾಯಿ ಬಿಡೋ ಬಿರುಕು, ಅಕ್ಕಿಕಾಳಿನಷ್ಟು.

ಒಳಗೆ ಎಷ್ಟು ಗಾಳಿ ಹೋಯ್ತು ಅಂತ ಅಳೆಯೋದು ಮ್ಯಾಫ್ ಅನ್ನೋ ಇನ್ನೊಂದು ಸೆನ್ಸರ್. ಐಡಲ್‌ನಲ್ಲಿ ಆ ಬಿರುಕು ಮ್ಯಾಫ್ ಲೆಕ್ಕಕ್ಕೆ ಸಿಗದ ಗಾಳಿಯನ್ನು ಒಳಗೆಳೀತಿತ್ತು. ಬೂಸ್ಟ್‌ನಲ್ಲಿ ಅದೇ ಬಿರುಕು, ಲೆಕ್ಕ ಬರೆದುಕೊಂಡ ಗಾಳಿಯನ್ನ ಹೊರಗೆ ಬಿಡ್ತಿತ್ತು. ಮ್ಯಾಪ್ ತಿದ್ದಿ ಪೆಟ್ರೋಲ್ ಕಮ್ಮಿ ಮಾಡಿದ್ದರೆ, ನಾಳೆ ಯಾರೋ ಹೋಸ್ ಬದಲಾಯಿಸಿದ ದಿನ ಎಂಜಿನ್ ಒಣಗಿ ಸಾಯ್ತಿತ್ತು, ಅಲ್ವಾ?

ಹೊಸ ಹೋಸ್ ಬಂದ ಮೇಲೆ 14 ಇದ್ದದ್ದು 2ಕ್ಕೆ ಇಳಿಯಿತು. ಹೊಗೆಯೂ ಇಲ್ಲ. ಮ್ಯಾಪ್ ಫೈಲ್ ಅವನು ಇನ್ನೂ ತೆರೆದಿಲ್ಲ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ನಿಂತಾಗ ಗಾಳಿಯ ಬಿಸಿ 60 ದಾಟುತ್ತಂತೆ, ಗಾಳಿಯೇ ಅಷ್ಟು ಬಿಸಿಯೋ, ಸೆನ್ಸರ್ ಕೂತ ಲೋಹ ಕಾದಿದೆಯೋ ಅಂತ ಈಗ ಅವನ ತಲೆ ತಿನ್ನೋ ಪ್ರಶ್ನೆ. ಬರೋ ಭಾನುವಾರ ಅದನ್ನ ನೋಡ್ತೀವಿ. ಆರಕ್ಕೇ ಏಳಬೇಕು, ಅವನು ಸ್ಟಾರ್ಟ್ ಮಾಡೋ ಮೊದಲಿನ ಅಂಕಿ ನನಗೂ ಬೇಕು.