ನೊರೆ ಇಳಿದ ಮೇಲೆ ಮೈಲೇಜು

ದನದ ಜಾತ್ರೆಯಲ್ಲಿ ಎಮ್ಮೆ ಕೊಳ್ಳಲು ಹೋದಾಗ ನಮ್ಮಜ್ಜಿ ದಲ್ಲಾಳಿಯ ಮಾತಿಗೆ ಕಿವಿ ಕೊಡುತ್ತಿರಲಿಲ್ಲ. ಅವನು ಅಲ್ಲೇ ಹಾಲು ಕರೆದು, ಉಕ್ಕುವ ಬಕೆಟ್ಟನ್ನು ಮುಂದೆ ಹಿಡಿದು, "ನೋಡಮ್ಮ, ಒಂದೊತ್ತಿಗೆ ಐದು ಲೀಟರು" ಅನ್ನುತ್ತಿದ್ದ. ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಾ ಕೂರುತ್ತಿದ್ದಳು. "ನೊರೆ ಇಳೀಲಿ ಕಣಪ್ಪ, ಆಮೇಲೆ ರೇಟು ಮಾತಾಡಣ." ನೊರೆ ಇಳಿಯುವ ಹೊತ್ತಿಗೆ ಐದು ಲೀಟರು ಮೂರಕ್ಕೆ ಬಂದಿರುತ್ತಿತ್ತು.

ಅಜ್ಜಿ ಈಗಿಲ್ಲ. ಕೊಟ್ಟಿಗೆಯಲ್ಲಿ ಎಮ್ಮೆಯ ಜಾಗಕ್ಕೆ ಡೀಸೆಲ್ ಎಸ್‌ಯುವಿ ಬಂದಿದೆ. ಪ್ರಶ್ನೆ ಮಾತ್ರ ಬದಲಾಗಿಲ್ಲ: "ಎಷ್ಟು ಕೊಡುತ್ತೆ?" ಎಮ್ಮೆ ಲೀಟರುಗಟ್ಟಲೆ ಕೊಡುತ್ತಿತ್ತು, ಇದು ಲೀಟರುಗಟ್ಟಲೆ ಕುಡಿಯುತ್ತದೆ. ಆದರೂ ಕುಡಿಯುವುದನ್ನು ಯಾರೂ ವಿಚಾರಿಸುವುದಿಲ್ಲ.

ನನ್ನ ಭಾವಮೈದುನ ಇಂಥದ್ದೊಂದನ್ನು ಕೊಂಡಿದ್ದಾನೆ. ಅವನ ಮಗಳ ನಾಮಕರಣಕ್ಕೆ ಬಂದವರಲ್ಲಿ ಮಗುವಿನ ಹೆಸರು ಕೇಳಿದವರಿಗಿಂತ ಗಾಡಿಯ ಮೈಲೇಜು ಕೇಳಿದವರೇ ಜಾಸ್ತಿ. ಎಲ್ಲರಿಗೂ ಒಂದೇ ಉತ್ತರ: "ಹದಿನೇಳು." ಕೇಳಿದವರೂ ತಮ್ಮ ತಮ್ಮ ಗಾಡಿಯ ಹದಿನೆಂಟು, ಹತ್ತೊಂಬತ್ತು ಹೇಳಿಕೊಂಡು ಹೋಳಿಗೆಗೆ ಕೂತರು. ಅಷ್ಟೂ ಜನರ ಲೆಕ್ಕ ನಿಜವಾಗಿದ್ದರೆ ಈ ದೇಶ ಡೀಸೆಲ್ಲನ್ನು ರಫ್ತು ಮಾಡಿಯೇ ಸಾಲ ತೀರಿಸಬಹುದಿತ್ತು.

ಹದಿನೇಳು ಸುಳ್ಳೇನಲ್ಲ. ಅದು ಹುಟ್ಟುವುದು ಪುಣೆಯ ಎಆರ್‌ಎಐನಂಥ ವಾಹನ ಪರೀಕ್ಷಾ ಸಂಸ್ಥೆಯ ಕೋಣೆಯೊಳಗೆ. ಗಾಡಿಯ ಚಕ್ರಗಳನ್ನು ಉರುಳೆಯ ಮೇಲೆ ನಿಲ್ಲಿಸಿ, ಗೊತ್ತುಮಾಡಿದ ವೇಗಕ್ಕೆ ಸರಿಯಾಗಿ 1180 ಸೆಕೆಂಡ್ ಓಡಿಸುತ್ತಾರೆ. ವೇಗ 90 ದಾಟುವುದಿಲ್ಲ, ಎಸಿ ಬಂದ್. ಗುಂಡಿಯಿಲ್ಲ, ಹಂಪಿಲ್ಲ, ಹಿಂದಿನ ಸೀಟಿನಲ್ಲಿ ಅತ್ತೆಯಿಲ್ಲ, ಡಿಕ್ಕಿಯಲ್ಲಿ ಹಲಸಿನಹಣ್ಣಿಲ್ಲ. ಇಷ್ಟಾಗಿಯೂ ಗಾಡಿ ನಿಂತಲ್ಲಿಂದ ಒಂದಂಗುಲ ಮುಂದೆ ಹೋಗಿರುವುದಿಲ್ಲ. ಆ ಪರೀಕ್ಷೆಗೂ ನಮ್ಮ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿಗೂ ಇರುವ ಹೋಲಿಕೆ ಅದೊಂದೇ.

ಅಲ್ಲಿ ಉರುಳೆಯ ಮೇಲೆ ಹತ್ತೂವರೆ ಕಿಲೋಮೀಟರ್ ಇಪ್ಪತ್ತು ನಿಮಿಷದೊಳಗೆ ಮುಗಿಯುತ್ತದೆ. 2022ರ ಟಾಮ್‌ಟಾಮ್ ಟ್ರಾಫಿಕ್ ಲೆಕ್ಕದಂತೆ ಬೆಂಗಳೂರಿನ ನಡುಭಾಗದಲ್ಲಿ ಬರೀ ಹತ್ತು ಕಿಲೋಮೀಟರಿಗೆ 29 ನಿಮಿಷ 10 ಸೆಕೆಂಡ್ ಬೇಕಿತ್ತು. ಒಂದು ಗಾಡಿಯನ್ನು ಇನ್ನೊಂದರ ಜೊತೆ ತೂಗಿ ನೋಡಲು ಇಟ್ಟ ಬಟ್ಟು ಆ ಹದಿನೇಳು. ನಾವು ಬಟ್ಟನ್ನೇ ಬೆಲ್ಲ ಅಂದುಕೊಂಡು ಮನೆಗೆ ತಂದೆವು.

ಭಾವಮೈದುನನ ಗಾಡಿ ಹೆಚ್ಚಾಗಿ ಹೋಗುವುದು ಎಂಟುನೂರು ಮೀಟರ್ ಆಚೆಯ ಅಂಗಡಿಗೆ, ಕೊತ್ತಂಬರಿ ಸೊಪ್ಪು ತರಲು. ಎರಡು ಟನ್ ಕಬ್ಬಿಣ, ಒಂದು ಕಟ್ಟು ಸೊಪ್ಪು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಹೊಗೆ ನಿಯಮ ಬಂದ ಮೇಲೆ ಡೀಸೆಲ್ ಗಾಡಿಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಕೂತಿದೆ. ಎಂಜಿನ್ ಬಿಸಿಯಾಗುವ ಮೊದಲೇ ಮನೆ ಸೇರುವ ಗಾಡಿಯಲ್ಲಿ ಮಸಿ ಕಟ್ಟಿಕೊಳ್ಳುತ್ತದೆ. ಅದನ್ನು ಸುಡಲು ಸುಮಾರು ಆರುನೂರು ಡಿಗ್ರಿ ಶಾಖ ಬೇಕು. ಶಾಖಕ್ಕೆಂದು ಎಂಜಿನ್ ಒಂದಿಷ್ಟು ಡೀಸೆಲ್ಲನ್ನು ಬೇರೆಯಾಗಿ ಆಹುತಿ ಕೊಡುತ್ತದೆ. ಈ ಹೋಮದ ಡೀಸೆಲ್ಲಿಂದ ಗಾಡಿ ಒಂದು ಮೊಳವೂ ಮುಂದೆ ಹೋಗದು.

ಒಂದು ದಿನ ಫಿಲ್ಟರಿನ ದೀಪ ಹತ್ತಿಕೊಂಡಿತು. ಸರ್ವಿಸಿನವರು, "ಹೈವೇಲಿ ಅರ್ಧ ಗಂಟೆ ಒಂದೇ ಸಮ ಓಡಿಸಿ ಸಾರ್, ಸರಿಹೋಗುತ್ತೆ" ಅಂದರು. ಮಲಬದ್ಧತೆಯ ಮಗುವನ್ನು ತೋಟಕ್ಕೆ ಓಡಾಡಿಸಲು ಕರೆದೊಯ್ಯುವಂತೆ ಇವನು ಗಾಡಿಯನ್ನು ನೆಲಮಂಗಲದಾಚೆ ಕರೆದೊಯ್ದು, ಹೋಗುತ್ತಾ ಬರುತ್ತಾ ಟೋಲ್ ಕಟ್ಟಿ ಬಂದ. ಎಮ್ಮೆಯನ್ನೂ ಮೇಯಿಸಲು ಹೊಡೆದುಕೊಂಡು ಹೋಗುತ್ತಿದ್ದೆವು. ಅದಕ್ಕೆ ಫಾಸ್ಟ್‌ಟ್ಯಾಗ್ ಇರಲಿಲ್ಲ, ಅಷ್ಟೇ.

"ಊರೊಳಗೆ ಬಿಡಿ ಭಾವ, ಹೈವೇಲಿ ನೋಡಿ" ಎಂದು ನನ್ನನ್ನು ಧರ್ಮಸ್ಥಳಕ್ಕೆ ಹೊರಡಿಸಿದ. ಹಾಸನದ ರಸ್ತೆಯಲ್ಲಿ ಮುಳ್ಳು 110ರಲ್ಲೇ ನಿಂತಿತು. ಎಂಬತ್ತರಿಂದ ನೂರಹತ್ತಕ್ಕೆ ಏರಿದರೆ ಗಾಳಿಯ ತಡೆ ಹತ್ತಿರ ಹತ್ತಿರ ಎರಡು ಪಟ್ಟಾಗುತ್ತದೆ. ಅದೂ ಇದು ಬೀರುವನ್ನು ಗಾಳಿಗೆ ಅಡ್ಡ ಹಿಡಿದುಕೊಂಡು ಓಡುವಂಥ ಗಾಡಿ. ಹೋದ ಮೈಲೇಜನ್ನು ಶಿರಾಡಿ ಘಾಟಿಯಲ್ಲಿ ವಸೂಲು ಮಾಡುತ್ತೇನೆಂದು ನ್ಯೂಟ್ರಲ್ ಮಾಡಿ ಇಳಿಸಿದ. ಗುಂಡ್ಯದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಬ್ರೇಕು ಕಮರು ವಾಸನೆ ಹೊಡೆಯುತ್ತಿತ್ತು.

ಪಕ್ಕದ ಲಾರಿಯ ಡ್ರೈವರ್ ಮೂಗು ಅರಳಿಸಿದ. "ನ್ಯೂಟ್ರಲಲ್ಲಿ ಇಳಿಸಿದ್ರಾ ಸಾರ್? ಗೇರಲ್ಲೇ ಬಿಟ್ರೆ ಇಳಿಜಾರಲ್ಲಿ ಎಂಜಿನ್ನು ಡೀಸೆಲ್ ಮುಟ್ಟಲ್ಲ. ನ್ಯೂಟ್ರಲ್ ಮಾಡಿದ್ರೆ ಕುಡೀತಾನೇ ಇರುತ್ತೆ."

"ನಿಮ್ದು ಎಷ್ಟು ಕೊಡುತ್ತೆ?" ಎಂದು ಕೇಳಿದೆ.

"ಲೋಡಿದ್ರೆ ಮೂರೂವರೆ. ಖಾಲಿ ಇದ್ರೆ ಐದು."

ನಾಚಿಕೆಯಿಲ್ಲ, ಜಂಬವಿಲ್ಲ. ಜೀವಮಾನದಲ್ಲಿ ನಾನು ಕೇಳಿದ ಮೊದಲ ನಿಜವಾದ ಮೈಲೇಜು. ಲೆಕ್ಕ ತಪ್ಪಿದರೆ ಸಾಹುಕಾರ ಅವನ ಭತ್ಯೆಯಲ್ಲಿ ಹಿಡಿಯುತ್ತಾನೆ. ಅವನಿಗೆ ಮೈಲೇಜೆಂದರೆ ರಾತ್ರಿಯ ಊಟ; ನಮಗೆ ಹೋಳಿಗೆ ಊಟದ ಜೊತೆಗಿನ ಮಾತು. ಇಪ್ಪತ್ತು ಟನ್ ಹೊತ್ತ ಆ ಮೂರೂವರೆಯಲ್ಲಿ ಒಂದು ಲೀಟರಿಗೆ 70 ಟನ್-ಕಿಲೋಮೀಟರ್ ಕೆಲಸವಾಗುತ್ತದೆ. ಊರೊಳಗೆ ಹತ್ತು ಕೊಡುವ ಗಾಡಿಯಲ್ಲಿ 75 ಕೆಜಿಯ ಭಾವಮೈದುನ ಸೊಪ್ಪು ತಂದರೆ ಮುಕ್ಕಾಲು. ಆದರೂ ರಸ್ತೆಯಲ್ಲಿ ಹಾರ್ನ್ ಬಾರಿಸಿ ಪಕ್ಕಕ್ಕೆ ಸರಿಯಲು ಹೇಳುವವನು ಈ ಮುಕ್ಕಾಲಿನವನೇ.

2016ರಲ್ಲಿ ಜಪಾನಿನ ಮಿತ್ಸುಬಿಷಿ ಕಂಪನಿ ಮೈಲೇಜಿನ ಲೆಕ್ಕ ತಿದ್ದಿದ್ದನ್ನು ಒಪ್ಪಿಕೊಂಡು ತಲೆ ಬಾಗಿಸಿತು. ಅದರ ಅಧ್ಯಕ್ಷರು ರಾಜೀನಾಮೆ ಕೊಟ್ಟರು. ನಮ್ಮಲ್ಲಿ ಆ ಪದ್ಧತಿ ಬಂದರೆ ಎಷ್ಟು ಮನೆಗಳ ಭಾವಮೈದುನರು ರಾಜೀನಾಮೆ ಕೊಡಬೇಕಾದೀತೋ!

ಧರ್ಮಸ್ಥಳಕ್ಕೆ ಹೊರಡುವಾಗ ಬಂಕಿನಲ್ಲಿ ಟ್ಯಾಂಕನ್ನು ಕುತ್ತಿಗೆಮಟ್ಟ ತುಂಬಿಸಿದ್ದೆವು. ವಾಪಸು ಬಂದು ಅದೇ ಬಂಕಿನಲ್ಲಿ ನಿಂತಾಗ 616 ಕಿಲೋಮೀಟರ್ ಆಗಿತ್ತು. ಡ್ಯಾಶ್‌ಬೋರ್ಡಿನ ಪರದೆ 15.1 ಅಂತ ಹೊಳೆಯುತ್ತಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು. ಗಾಡಿಗೂ ತನ್ನ ಮೈಲೇಜು ಮುದ್ದೇ. ನಳಿಕೆ 44 ಲೀಟರಿಗೆ ಟಕ್ ಎಂದಿತು. "ಸಾಕು ಸಾಕು!" ಎಂದು ಭಾವಮೈದುನ ಕೈ ಅಡ್ಡ ಹಿಡಿದ. ಹದಿನಾಲ್ಕು!

ಟ್ಯಾಂಕಿನ ಬಾಯಲ್ಲಿ ಇಣುಕಿದೆ. ಡೀಸೆಲ್ಲಿಗೂ ನೊರೆ ಬರುತ್ತದೆ. ನಳಿಕೆ ನಿಂತದ್ದು ಟ್ಯಾಂಕು ತುಂಬಿ ಅಲ್ಲ, ನೊರೆ ತಾಗಿ. ಬಂಕಿನ ಹುಡುಗನಿಗೆ ಅಜ್ಜಿಯ ಮಾತನ್ನೇ ಹೇಳಿದೆ: "ನೊರೆ ಇಳೀಲಿ ಕಣಪ್ಪ." ಇಳಿಯಿತು. ಇನ್ನೂ ನಾಲ್ಕು ಲೀಟರು ಹಿಡಿಯಿತು. ಫೋನಿನಲ್ಲಿ ಭಾಗಿಸಿ ತೋರಿಸಿದೆ: 12.8.

ಭಾವಮೈದುನ ಪರದೆ ನೋಡಿದ, ಟ್ಯಾಂಕು ನೋಡಿದ, ನನ್ನ ಮುಖ ನೋಡಿದ. ಆಮೇಲೆ ನಿಧಾನಕ್ಕೆ ಮುಚ್ಚಳ ತಿರುಗಿಸುತ್ತಾ ಹೇಳಿದ:

"ಆ ನಾಲ್ಕು ಲೀಟರು ಮುಂದಿನ ಟ್ರಿಪ್ಪಿನ ಲೆಕ್ಕ, ಭಾವ."