ಕೆಂಚನ ಕೆರೆತ, ರಾಯರ ಕಾರುಬಾರು

ಬಸವನಗುಡಿಯ ಕೃಷ್ಣರಾವ್ ಪಾರ್ಕಿನಲ್ಲಿ ಬೆಳಗ್ಗೆ ವಾಕಿಂಗ್ ಬರುವವರಿಗೆ ಒಂದಾದರೂ ಕಾಯಿಲೆ ಇರಲೇಬೇಕು. ಇಲ್ಲದಿದ್ದರೆ ಕಲ್ಲುಬೆಂಚಿನ ಮೇಲೆ ಕೂರಲು ಜಾಗ ಸಿಕ್ಕರೂ ಮಾತಿಗೆ ಜಾಗ ಸಿಗುವುದಿಲ್ಲ. ಒಬ್ಬರದು ಮಂಡಿ, ಒಬ್ಬರದು ಸಕ್ಕರೆ, ಇನ್ನೊಬ್ಬರದು ಎರಡು ಸ್ಟೆಂಟು. ನಮ್ಮ ರಾಯರದು ದುರದೃಷ್ಟಕ್ಕೆ ಗಟ್ಟಿ ದೇಹ. ಬ್ಯಾಂಕಿನಿಂದ ನಿವೃತ್ತರಾದ ಮೇಲೂ ಅವರ ಬಿಪಿ 120–80 ಬಿಟ್ಟು ಕದಲಲಿಲ್ಲ. ಬೆಂಚಿನ ತುದಿಯಲ್ಲಿ ಹೂಂ ಗುಟ್ಟುತ್ತ ಕೂರುತ್ತಿದ್ದ ಅವರ ಮಾನ ಕಾಪಾಡಿದ್ದು ಅವರ ಮನೆಯ ಬೆಕ್ಕು ಕೆಂಚ. ಅದಕ್ಕೆ ಕೆರೆತ ಹತ್ತಿತು.

ಅಂತಿಂಥ ಕೆರೆತವಲ್ಲ. ಕತ್ತು, ಕಿವಿಯ ಬುಡ ಎಲ್ಲ ಕೆರೆದು ಕೆರೆದು ರಾಗಿಕಾಳಿನಷ್ಟು ದಪ್ಪದ ಹಕ್ಕಳೆ. ಹೊಟ್ಟೆಯ ಕೂದಲಂತೂ ಎರಡೂ ಕಡೆ ಸಮಸಮವಾಗಿ ಮಾಯ. ನಾಯಿಯಾದರೆ ನಾಲ್ಕು ಜನರೆದುರು ಧಡಧಡ ಕೆರೆದುಕೊಳ್ಳುತ್ತದೆ. ಬೆಕ್ಕು ಮರ್ಯಾದಸ್ಥ ಪ್ರಾಣಿ. ಮಂಚದ ಕೆಳಗೆ ಸೇರಿ, ಮೈ ಶುಚಿ ಮಾಡಿಕೊಳ್ಳುವ ನೆಪದಲ್ಲಿ ಮುಳ್ಳುನಾಲಿಗೆಯಿಂದ ನೆಕ್ಕಿ ನೆಕ್ಕಿಯೇ ಕೂದಲು ಕೀಳುತ್ತದೆ. ಇದನ್ನು ಪತ್ತೆ ಮಾಡಿದ ದಿನ ರಾಯರು ಒಂದು ಹಳೆಯ ಡೈರಿ ತೆಗೆದು ಗೆರೆ ಎಳೆದರು. ದಿನಾಂಕ, ಹೊತ್ತು, ಕೆರೆದ ಅಂಗ, ಕೆರೆದ ಕಾಲು, ಷರಾ. ಮರುದಿನ ಬೆಂಚಿನ ಮಧ್ಯಕ್ಕೆ ಬಡ್ತಿ.

ಇಂಥವರು ಪ್ರತಿ ಬಡಾವಣೆಯಲ್ಲೂ ಒಬ್ಬರಿರುತ್ತಾರೆ. ಕಾಯಿಲೆ ಬೆಕ್ಕಿನದಿರಬಹುದು, ಕುಂಡದಲ್ಲಿಟ್ಟ ಗುಲಾಬಿಯದಿರಬಹುದು, ಮಾರುತಿ 800ರ ಎಂಜಿನ್ನಿನದಿರಬಹುದು. ಲಕ್ಷಣ ಮಾತ್ರ ಒಂದೇ. ಸಿಕ್ಕಸಿಕ್ಕವರಿಗೆಲ್ಲ ಕಾಯಿಲೆ ಹೇಳುತ್ತಾರೆ, ಅವರು ಹೇಳಿದ್ದನ್ನೆಲ್ಲ ಮಾಡುತ್ತಾರೆ, ಯಾವುದನ್ನೂ ಮೂರು ದಿನ ದಾಟಿಸುವುದಿಲ್ಲ. ನಾಲ್ಕನೆಯ ದಿನಕ್ಕೆ ಇನ್ನೊಂದು ಸಲಹೆ ಬಂದಿರುತ್ತದಲ್ಲ, ಅದಕ್ಕೂ ನ್ಯಾಯ ಸಲ್ಲಬೇಕು.

ಸ್ಟೆಂಟಿನವರು ಬೇವಿನಸೊಪ್ಪಿನ ನೀರು ಅಂದರು. ಸ್ನಾನ ಮಾಡಿಸಿದ್ದಾಯಿತು, ರಾಯರ ಮುಂಗೈ ಮೇಲೆ ಅದರ ರಸೀದಿ ಇನ್ನೂ ಇದೆ. ಮಂಡಿಯವರು ಕೊಬ್ಬರಿಎಣ್ಣೆ–ಅರಿಸಿನ ಅಂದರು. ಹಚ್ಚಿದ ಅರ್ಧ ಗಂಟೆಗೆ ಕೆಂಚನ ಮೈಮೇಲೆ ಅದರ ಸುಳಿವಿಲ್ಲ. ಅರ್ಧ ಸೋಫಾದ ಮೇಲೆ, ಉಳಿದರ್ಧ ಕೆಂಚನ ಹೊಟ್ಟೆಯಲ್ಲಿ. ಚರ್ಮದ ತೊಂದರೆ ಎಂದಮೇಲೆ ಸರ್ಪದೋಷದ ಮಾತು ಬಾರದೆ ಇರುತ್ತದೆಯೇ? ಘಾಟಿ ಸುಬ್ರಹ್ಮಣ್ಯಕ್ಕೆ ಹರಕೆ ಹೊತ್ತುಕೊಳ್ಳಿ ಅಂದರು ಒಬ್ಬರು. ಹರಕೆ ಸರಿ, ಸಂಕಲ್ಪದಲ್ಲಿ ಕೆಂಚನಿಗೆ ಯಾವ ಗೋತ್ರ ಹೇಳಬೇಕು ಎಂಬಲ್ಲಿ ಆ ವಿಷಯ ನಿಂತಿತು.

ಲ್ಯಾಬ್ರಡಾರ್ ಸಾಕಿದ ಸ್ನೇಹಿತರೊಬ್ಬರು ತಮ್ಮ ನಾಯಿಗೆ ಹಾಕುವ ಚಿಗಟದ ಔಷಧಿಯ ಟ್ಯೂಬನ್ನೇ ಧಾರಾಳವಾಗಿ ಕೊಟ್ಟರು. ಪುಣ್ಯಕ್ಕೆ ರಾಯರು ಅದನ್ನು ಹಾಕುವ ಮೊದಲು ಡಾಕ್ಟರಿಗೆ ತೋರಿಸಿದರು. ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಟ್ಯೂಬಿನ ಮೇಲಿನ ಅಕ್ಷರ ಓದಿದವಳೇ ಅದನ್ನು ಮೇಜಿನ ಡ್ರಾಯರಿಗೆ ಹಾಕಿ ಬೀಗ ಜಡಿದಳು.

“ಅಂಕಲ್, ಇದರಲ್ಲಿ ಪರ್ಮೆಥ್ರಿನ್ ಇದೆ. ನಾಯಿ ತಡ್ಕೊಳುತ್ತೆ, ಬೆಕ್ಕಿನ ಮೈಗೆ ಅದನ್ನ ಕರಗಿಸಿ ಹೊರಗೆ ಹಾಕೋಕೆ ಬರಲ್ಲ. ಫಿಟ್ಸ್ ಬರುತ್ತೆ, ಜೀವಾನೇ ಹೋಗ್ಬಹುದು.”

“ಕಾಲುಭಾಗ ಹಾಕಿದ್ರೆ?”

ಡಾಕ್ಟರಮ್ಮ ಉತ್ತರ ಕೊಡಲಿಲ್ಲ. ಪ್ಯಾರಾಸಿಟಮಾಲೂ ಬೆಕ್ಕಿಗೆ ವಿಷ, ಕರ್ಪೂರ ಕಲಸಿದ ಎಣ್ಣೆಯೂ ಬೇಡ ಎಂದು ಕೇಳುವ ಮೊದಲೇ ಹೇಳಿಬಿಟ್ಟಳು. ಆಮೇಲೆ ಕೆಂಚನ ಬೆನ್ನು ಬಾಚಿ, ಉದುರಿದ ಕರಿ ಪುಡಿಯನ್ನು ಒದ್ದೆ ಮಾಡಿದ ಬಿಳಿ ಕಾಗದದ ಮೇಲೆ ಹಾಕಿ ತೋರಿಸಿದಳು. ಪುಡಿಯ ಸುತ್ತ ಕೆಂಪು–ಕಂದು ಬಣ್ಣ ಹರಡಿತು. ಚಿಗಟದ ಹಿಕ್ಕೆ, ಅಂದರೆ ಅದು ಕುಡಿದು ಅರಗಿಸಿಕೊಂಡ ಕೆಂಚನದೇ ರಕ್ತ. ಚಿಗಟದ ಎಂಜಲು ಕೆಲವು ಬೆಕ್ಕುಗಳಿಗೆ ಆಗುವುದಿಲ್ಲವಂತೆ; ನಾಲ್ಕೈದು ಕಚ್ಚಿದರೂ ಸಾಕು, ಮೈಯೆಲ್ಲ ನವೆ. ಕಚ್ಚಿದ ಚಿಗಟವನ್ನು ಬೆಕ್ಕೇ ನೆಕ್ಕಿ ನುಂಗಿರುತ್ತದಾದ್ದರಿಂದ ಮನೆಯವರ ಕಣ್ಣಿಗೆ ಏನೂ ಬೀಳುವುದಿಲ್ಲ.

ರಾಯರನ್ನು ಹಿಡಿದದ್ದು ಮಾತ್ರ ಡಾಕ್ಟರಮ್ಮ ಕೊಟ್ಟ ಒಂದು ಅಂಕಿ. ಬೆಕ್ಕಿನ ಮೈಮೇಲೆ ಇರುವುದು ಚಿಗಟದ ಸಂಸಾರದಲ್ಲಿ ನೂರಕ್ಕೆ 5 ಪಾಲಿನಷ್ಟೇ. ಉಳಿದ 95 ಮೊಟ್ಟೆ, ಮರಿಹುಳು, ಗೂಡು ಕಟ್ಟಿದ ಕೋಶಗಳಾಗಿ ಚಾಪೆ, ಸೋಫಾ, ಹಾಸಿಗೆಯ ಸಂದಿಯಲ್ಲಿ. ಕೋಶದೊಳಗಿನದು ತಿಂಗಳುಗಟ್ಟಲೆ ಹೊಂಚು ಹಾಕಿರಬಲ್ಲದು. ರಾಯರು ಈ ಸುದ್ದಿಯನ್ನು ಹೆಮ್ಮೆಯಿಂದ ಮನೆಯಲ್ಲಿ ಪ್ರಕಟಿಸಿದರು. ಅವರ ಮನೆಯಾಕೆ ಮಾತಾಡದೆ ಎದ್ದು ಹೋಗಿ ಅಷ್ಟೂ ಹಾಸಿಗೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿದರು. ತಿಂಗಳಿಗೊಮ್ಮೆ ಕತ್ತಿನ ಹಿಂದೆ ಹಾಕಬೇಕಾದ ಬೆಕ್ಕಿನ ಔಷಧಿಯನ್ನು ಗಂಡನ ಕೈಯಿಂದ ಕಿತ್ತುಕೊಂಡು, ಗ್ಯಾಸ್ ಬುಕಿಂಗಿನ ಪಕ್ಕ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟರು. ಚಿಗಟ ಹೋಯಿತು. ಕೆರೆತ ಅರ್ಧ ಇಳಿಯಿತು. ಅರ್ಧ ಉಳಿಯಿತು.

ಆ ಅರ್ಧಕ್ಕೆ ರಾಯರು ಕೇಳಿದ್ದು ಸ್ಟೆರಾಯ್ಡ್ ಇಂಜೆಕ್ಷನ್. ಹಿಂದೊಮ್ಮೆ ಹಾಕಿಸಿದಾಗ ಒಂದೆರಡು ದಿನದಲ್ಲೇ ಕೆರೆತ ನಿಂತದ್ದು ಡೈರಿಯಲ್ಲಿ ದಾಖಲಾಗಿತ್ತು. ಪದೇ ಪದೇ ಹಾಕಿದರೆ ಬೆಕ್ಕಿಗೆ ಸಕ್ಕರೆ ಕಾಯಿಲೆ ಬರಬಹುದು ಎಂದು ಡಾಕ್ಟರಮ್ಮ ತಡೆದಳು. ಬಂದಿದ್ದರೆ ರಾಯರು ಬೆಂಚಿನ ಸಕ್ಕರೆಯವರ ಗುಂಪಿಗೂ ಸದಸ್ಯರಾಗುತ್ತಿದ್ದರು ಎನ್ನುವುದು ನನ್ನ ಊಹೆ.

ಇಂಜೆಕ್ಷನ್ನಿನ ಬದಲು ಪಥ್ಯ ಹೇಳಿದಳು. ಎಂಟು ವಾರ, ಒಂದೇ ಒಂದು ಬಗೆಯ ಆಹಾರ. ಅದರಲ್ಲಿನ ಸೋಯಾ ಪ್ರೋಟೀನನ್ನು ಮೈಗೆ ಗುರುತೇ ಸಿಗದಷ್ಟು ಸಣ್ಣಗೆ ಒಡೆದಿರುತ್ತಾರಂತೆ. ಸೋಯಾ ಎಂದು ಕೇಳಿ ರಾಯರ ತಾಯಿಗೆ ಬಹಳ ನೆಮ್ಮದಿಯಾಯಿತು. ಬೆಕ್ಕು ಕೊನೆಗೂ ಮಡಿಗೆ ಬಂತಲ್ಲ. ಪ್ಯಾಕೆಟ್ಟಿನ ಬೆಲೆ ಕೇಳಿ ಆ ನೆಮ್ಮದಿ ಹೋಯಿತು.

ಎಂಟು ವಾರ! ಮೂರು ದಿನದ ರಾಯರ ಮನೆಯಲ್ಲಿ! ಅವರ ತಾಯಿ ಪೂಜೆ ಮುಗಿಸಿ “ಬಾಯಿಲ್ಲದ ಪ್ರಾಣಿ ಕಣೋ” ಎನ್ನುತ್ತ ನೈವೇದ್ಯದ ಹಾಲನ್ನು ಬಟ್ಟಲಿಗೆ ಬಗ್ಗಿಸುವರು. ಮನೆಯಾಕೆ ತುಪ್ಪದನ್ನದ ಒಂದು ತುತ್ತು ಇಡುವರು, “ತುತ್ತಲ್ವಾ, ಊಟ ಅಲ್ವಲ್ಲ.” ಮಹಡಿ ಮೇಲೆ ಮಂಗಳೂರು ಕಡೆಯ ಬಾಡಿಗೆಯವರು, ಭಾನುವಾರ ಅವರ ಅಡುಗೆಮನೆಯ ಕಿಟಕಿ ತೆರೆದರೆ ಕೆಂಚ ಆ ಕುಟುಂಬದ ಸದಸ್ಯ. ಬಂಗುಡೆಯ ತಲೆ ಇಲ್ಲದೆ ಮೆಟ್ಟಿಲು ಇಳಿದ ಭಾನುವಾರವೇ ಇಲ್ಲ. ರಾಯರು ಡಾಕ್ಟರಮ್ಮನ ಮುಂದೆ ಮಾತ್ರ “ಕಟ್ಟುನಿಟ್ಟು ಪಥ್ಯ” ಎನ್ನುತ್ತಿದ್ದರು.

ಕೊನೆಗೆ ಪಥ್ಯ ನಡೆಸಿಕೊಟ್ಟಿದ್ದು ಬೇಸಿಗೆ ರಜೆ. ಏಪ್ರಿಲ್‌ನಲ್ಲಿ ಮನೆಯಾಕೆ ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟರು. ತಾಯಿ ತುಮಕೂರಿನಲ್ಲಿರುವ ಕಿರಿಮಗನ ಮನೆಗೆ. ಮಹಡಿಯವರು ಮಕ್ಕಳೊಂದಿಗೆ ಊರಿಗೆ. ರಾಯರಿಗೆ ಗೊತ್ತಿದ್ದ ಅಡುಗೆ ಒಂದೇ, ಕತ್ತರಿಯಿಂದ ಪ್ಯಾಕೆಟ್ ಕತ್ತರಿಸುವುದು. ತಾವು ಎರಡು ಹೊತ್ತೂ ಹೋಟೆಲಿನಲ್ಲಿ ಉಂಡು ಬಂದು, ಕೆಂಚನಿಗೆ ಅದನ್ನೇ ಸುರಿದರು. ಔಷಧಿ ಹಾಕುವ ದಿನ ಅಮೆರಿಕದಿಂದ ಫೋನು ಬರುತ್ತಿತ್ತು. ಸಲಹೆಗಳು ಆಗಲೂ ಬರುತ್ತಿದ್ದವು; ಆದರೆ ಯಾವ ಸಲಹೆಗೂ ಅರೆಯುವ, ಕುದಿಸುವ, ಸೋಸುವ ಕೆಲಸ ಇದ್ದೇ ಇರುತ್ತದಲ್ಲ, ಅದಕ್ಕೆ ಜನ ಇರಲಿಲ್ಲ.

ಮೇ ಕೊನೆಯ ಒಂದು ಬೆಳಗ್ಗೆ ರಾಯರು ಗಾಬರಿಯಾಗಿ ಡಾಕ್ಟರಮ್ಮನಿಗೆ ಫೋನ್ ಮಾಡಿದರು. “ಡಾಕ್ಟ್ರೇ, ಕೆಂಚ ನಿನ್ನೆಯಿಂದ ಒಂದ್ಸಲಾನೂ ಕೆರ್ಕೊಂಡಿಲ್ಲ. ಏನಾದ್ರೂ ಸೀರಿಯಸ್ಸಾ?”

ಹೊಟ್ಟೆಯ ಮೇಲೆ ಕೂದಲೂ ಚಿಗುರಿತ್ತು. ಪಾರ್ಕಿನಲ್ಲಿ ರಾಯರು ಮತ್ತೆ ಬೆಂಚಿನ ತುದಿಗೆ ಬಂದರು.

ಜೂನಿನಲ್ಲಿ ಮಹಡಿಯವರು ಮರಳಿದರು. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ, ಹಸಿಮೀನು ದುಬಾರಿ. ಅದಕ್ಕೇ ಮಳೆಗಾಲಕ್ಕೆಂದು ಒಣಮೀನಿನ ಪೊಟ್ಟಣ ಕಟ್ಟಿಕೊಂಡು ಬಂದಿದ್ದರು. ರಜೆಯೆಲ್ಲ ಕೆಂಚನನ್ನೇ ನೆನೆಸಿಕೊಂಡಿದ್ದ ಅವರ ಪುಟ್ಟ ಹುಡುಗಿ ಮೊದಲ ತುಂಡು ಕೊಟ್ಟಿದ್ದು ಅದಕ್ಕೇ. ನಾಲ್ಕನೆಯ ದಿನ ಕೆಂಚನ ಹಿಂಗಾಲು ಕತ್ತಿಗೆ ಹೋಯಿತು.

“ಅಂಕಲ್, ನಾವು ಬೇಕು ಅಂತ ಮಾಡಬೇಕಾಗಿದ್ದ ಪರೀಕ್ಷೆ ತಾನಾಗೇ ಆಯ್ತು,” ಎಂದಳು ಡಾಕ್ಟರಮ್ಮ. “ಮೀನು ಆಗಲ್ಲ ಅವನಿಗೆ. ಮೀನು ನಿಲ್ಸಿ, ಚಿಗಟದ ಔಷಧಿ ಬಿಡಬೇಡಿ. ಅಷ್ಟೇ.”

“ಅಷ್ಟೇನಾ?” ಎಂದರು ರಾಯರು, ಸಪ್ಪಗೆ.

ಮರುದಿನ ಬೆಂಚಿನ ಮೇಲೆ ತೀರ್ಪು ಓದಲಾಯಿತು. ಮಂಡಿಯವರಿಗೆ ಒಪ್ಪಿಗೆಯಾಗಲಿಲ್ಲ. “ಮೀನು ಅಂದ್ರೆ ಯಾವ ಮೀನು ರಾಯರೇ? ಬಂಗುಡೆ ಆಗದೇ ಇರ್ಬಹುದು, ಬೂತಾಯಿ ಆಗ್ಬಹುದು. ಒಂದೊಂದೇ ಕೊಟ್ಟು ನೋಡ್ಬೇಕಲ್ವಾ?”

ರಾಯರ ಮುಖಕ್ಕೆ ಕಳೆ ಬಂತು. ಜೇಬಿನಿಂದ ಡೈರಿ ತೆಗೆದು ಹೊಸ ಪುಟದಲ್ಲಿ ಗೆರೆ ಎಳೆದು, ಹುಟ್ಟಾ ಸಸ್ಯಾಹಾರಿಯಾದ ಅವರು ಪೆನ್ನು ಎತ್ತಿ ಕೇಳಿದರು: “ಬೂತಾಯಿ ಅಂದ್ರೆ, ಅದು ದೀರ್ಘನೋ ಹ್ರಸ್ವನೋ?”